ಮಾಡಿನ ಮೇಲಣ ನಡಿಗೆ

ಚಾಮರಾಜಪೇಟೆಯಲ್ಲಿ ನಮ್ಮದು ಮಂಗಳೂರು ಹೆಂಚಿನ ಮನೆ. ಮುಂಗಾರಿಗೆ ಮುನ್ನ ಹೆಂಚು ಕೈಯಾಡಿಸಲು ವರ್ಷಂಪ್ರತಿ ಬರುತ್ತಿದ್ದ ಮುದುಕನೊಬ್ಬನು ಸಂಜೆಯ ವಾಯುಸೇವನೆಗೆ ಹೊರಟವನಂತೆ ಮಾಡಿನ ಮೇಲೆ ನಿರಾತಂಕವಾಗಿ ಸಂಚರಿಸುತ್ತಿದ್ದುದನ್ನು ಕಂಡು ಹುಡುಗರಾದ ನಾವು ಬೆರಗಾಗುತ್ತಿದ್ದೆವು. ಅಡಿಗೊಂದರಂತೆ ಬಡಿದ ರೀಪರುಗಳಿದ್ದುದರಿಂದ ಹೆಂಚೊಡೆದರೂ ಅವನ ಪಾದಕ್ಕೆ ಮರ ಸಿಕ್ಕುತ್ತಿದ್ದಿತೆಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ.

ಅರವತ್ತರ ದಶಕಕ್ಕಾಗಲೇ ಓಣಿಯ ವರ್ಕ್‌ಶಾಪುಗಳು ಕಬ್ಬಿಣದ ಟ್ರಸ್ಸು ನಿಲ್ಲಿಸಿ ಆಸ್ಬೆಸ್ಟಾಸ್ ಶೀಟು ಹೊದಿಸಿಕೊಂಡಿದ್ದವು. ಅಲ್ಲಿ ಶೀಟನ್ನು ಹೊರುವ ಅಡ್ಡಪಟ್ಟಿಗೆ, ಎಂದರೆ ಒಂದು ಪರ್ಲಿನ್ನಿನಿಂದ ಇನ್ನೊಂದಕ್ಕೆ, ನಾಲ್ಕಡಿಯ ಅಂತರ. ನಡುವೆ ಇರುವುದು ಬರಿಯ ಶೀಟು. ಕೆಲಸ ಬಲ್ಲವರು ಪರ್ಲಿನ್ನಿನ ಮೇಲಣ ಬೋಲ್ಟಿನ ಸಾಲು ಬಿಟ್ಟು ಹೆಜ್ಜೆಯಿಡರು. ನಮ್ಮ ಹಿತ್ತಿಲಿಗೆ ಅಂಟಿದ್ದ ವರ್ಕ್‌ಶಾಪೊಂದರ ಸೋರಿಕೆಗೆ ಡಾಂಬರು ಮೆತ್ತಲು ಹತ್ತಿದ್ದ ಆಳು, ಪಾಚಿಯು ಬೋಲ್ಟುಗಳನ್ನು ಮುಚ್ಚಿದ್ದುದರಿಂದಲೋ ಏನೋ, ಒಂದು ಹೆಜ್ಜೆ ಬದಿಗಿಟ್ಟನು. ಹಪ್ಪಳ ಮುರಿದಂಥ ಸದ್ದು. ನಾನು ತಲೆಯೆತ್ತುವಷ್ಟರಲ್ಲಿ ಮಾಡಿನ ಮೇಲೆ ಡಾಂಬರಿನ ಡಬ್ಬವೊಂದೇ ಇದ್ದಿತು. ಪ್ರಾಣವುಳಿಯಿತು, ಸೊಂಟ ನೆಟ್ಟಗಾಗಲಿಲ್ಲ.

ಕೆಲಸಗಾರರ ಪರಿಹಾರದ ಕಾಯಿದೆಯೇನೋ 1923ರಿಂದಲೂ ಇದ್ದಿತು. ಆದರೆ ಮಾಲೀಕನ ಉದ್ಯಮಕ್ಕೆ ಹೊರತಾದ ಕೆಲಸಕ್ಕೆ ಯಾವಾಗಲೋ ಒಮ್ಮೆ ಕರೆತಂದ ಕೂಲಿಯವನು ಅದರ ದೃಷ್ಟಿಯಲ್ಲಿ ಕೆಲಸಗಾರನೇ ಅಲ್ಲ. ಲೇತು ನಡೆಸುವವನ ಮಾಡು ಸೋರಿದರೆ ಅದನ್ನು ಮುಚ್ಚುವುದು ಲೇತಿನ ಕಸುಬೇ? ಆ ಮಾತನ್ನು ಕಾಯಿದೆಯಿಂದ ತೆಗೆಯಲು 2000ದ ತಿದ್ದುಪಡಿಯೇ ಬರಬೇಕಾಯಿತು. ಕಟ್ಟಡ ಕಾರ್ಮಿಕರಿಗೆಂದೇ ಮಾಡಿದ 1996ರ ಕಾಯಿದೆಯೂ ಹತ್ತು ಮಂದಿ ದುಡಿಯುವ ಕಡೆಗೆ ಮಾತ್ರ ಅನ್ವಯವಾಯಿತು. ಶೀಟು ಹೊದಿಸುವ ತಂಡದಲ್ಲಿ ನಾಲ್ವರಿದ್ದರೆ ಹೆಚ್ಚು.

ಈಚೆಗೆ ಬಸವನಗುಡಿಯಲ್ಲಿ ಮಗಳ ಮನೆಯ ಮೂರನೆಯ ಮಹಡಿಯ ಮೇಲೆ ನೀಲಿಯ ತಗಡು ಹೊದಿಸಿದರು. ರಾಯಚೂರಿನ ಕಡೆಯ ಹುಡುಗನೊಬ್ಬ, ಹವಾಯಿ ಚಪ್ಪಲಿ ಮೆಟ್ಟಿ, ಅಂಗೈಯಗಲದ ಪೈಪಿನ ಮೇಲೆ ಕುಳಿತು ಸ್ಕ್ರೂ ಬಿಗಿಯುತ್ತಿದ್ದನು. ಸೇಫ್ಟಿ ಬೆಲ್ಟು, ಪ್ಲಾಸ್ಟಿಕ್ ಕವರೂ ಬಿಚ್ಚದೆ, ನೀರಿನ ತೊಟ್ಟಿಯ ನಲ್ಲಿಗೆ ನೇತುಬಿದ್ದಿತ್ತು. ಹಾಕಿಕೊಳ್ಳಬಾರದೇನಪ್ಪ ಎಂದುದಕ್ಕೆ ಅವನು, "ಹಾಕ್ಕೋತೀನ್ರೀ, ಕೊಂಡಿ ಎಲ್ಲಿಗೆ ಸಿಗಸ್ಲಿ?" ಎಂದನು. ಪ್ರಶ್ನೆ ನ್ಯಾಯವಾದುದೇ: ತಲೆಯ ಮೇಲೆ ಆಕಾಶ, ಕೈಯಲ್ಲಿ ಇನ್ನೂ ಬಿಗಿಯದ ತಗಡು. ಮೇಸ್ತ್ರಿಯು ಗೊಣಗುತ್ತಲೇ ಕಂಬದಿಂದ ಕಂಬಕ್ಕೆ ಉಕ್ಕಿನ ಹಗ್ಗವನ್ನು ಬಿಗಿದನು. ಅರ್ಧ ದಿನ ಹಿಡಿಯಿತು, ಆ ಅರ್ಧ ದಿನದ ಕೂಲಿಯನ್ನು ನಾವು ಕೊಟ್ಟೆವು.

ನಿಮ್ಮ ಮನೆಗೆ ತಗಡು ಹೊದಿಸಲು ಯಾರಾದರೂ ಬಂದರೆ, ದಯವಿಟ್ಟು ಚದರಡಿಯ ದರವನ್ನು ವಿಚಾರಿಸುವುದಕ್ಕೆ ಮೊದಲು ಆ ಹುಡುಗನ ಪ್ರಶ್ನೆಯನ್ನು ಮೇಸ್ತ್ರಿಗೆ ಕೇಳಿರಿ.