ಹಡಗಿನಲ್ಲಿ ಇಸ್ತ್ರಿ ಇಲ್ಲ

ಇದನ್ನು ಬರೆಯುತ್ತಿರುವುದು ನಾವು ಮೂವರು. ಹೋಗಿದ್ದು ನಾಲ್ವರು. ನಾಲ್ಕನೆಯವನಿಗೆ ಪೂರ್ತಿ ಓದಿ ಹೇಳಿ, "ಆತು, ಹಾಕ್ರಪ" ಅಂತ ಅನ್ನಿಸಿಕೊಂಡ ಮೇಲೇ ಕ್ಲಬ್‌ಗೆ ಕಳಿಸಿದ್ದೇವೆ. ನಮ್ಮ ಹಾಸ್ಟೆಲ್‌ನಲ್ಲಿ ಯಾರಿಗೂ ಹೆಸರಿಲ್ಲ, ಊರೇ ಹೆಸರು. ಆದ್ದರಿಂದ ನಾವು ಶಿರಸಿ, ಮಂಡ್ಯ, ಬೀದರ್. ಅವನು ದಾವಣಗೆರೆ.

ಇಂಟರ್ನ್‌ಶಿಪ್ಪಿನ ಸ್ಟೈಪೆಂಡ್ ಕೈಗೆ ಬಂದ ವಾರ ಮುಂಬೈ–ಗೋವಾ–ಮುಂಬೈ ಕ್ರೂಸ್ ಟಿಕೆಟ್ ಆಫರ್‌ನಲ್ಲಿ ಕಂಡಿತು. ಶನಿವಾರ ಸಂಜೆ ಹತ್ತುವುದು, ಭಾನುವಾರ ಗೋವಾ, ಸೋಮವಾರ ಬೆಳಿಗ್ಗೆ ವಾಪಸ್ ಮುಂಬೈ. ನಾಲ್ವರಿಗೂ ಸೇರಿ ಕಿಟಕಿ ಇಲ್ಲದ ಒಂದು ಕ್ಯಾಬಿನ್. ಬುಕ್ ಮಾಡಿ ಹತ್ತು ದಿನ ಆಗಿರಲಿಲ್ಲ, ದಾವಣಗೆರೆಗೆ ಇಂಟರ್‌ವ್ಯೂ ಮೇಲ್ ಬಂತು. ಅದೇ ಸೋಮವಾರ, ಬೆಳಿಗ್ಗೆ 11 ಗಂಟೆ, ನವಿ ಮುಂಬೈಯ ಒಂದು ಕಾರ್ಖಾನೆ. ಟಿಕೆಟ್ ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಇಲ್ಲ. "ಹೆಂಗೂ ಮುಂಬೈಗೇ ಇಳೀತೀವಲ್ಲ, ಒಂದು ಶರ್ಟ್ ಜಾಸ್ತಿ ಇಟ್ಕೊಂಡ್ರಾತು" ಅಂದ.

ಆ ಶರ್ಟ್ ಅವರ ಊರಿಂದ ಬಸ್ಸಿನಲ್ಲಿ, ಕಂಡಕ್ಟರ್ ಕೈಯಲ್ಲಿ ಬಂತು. ಅಚ್ಚ ಹತ್ತಿ, ತಿಳಿ ನೀಲಿ. ಒಳಗೆ ನ್ಯೂಸ್‌ಪೇಪರ್ ಹಾಳೆ, ಕಾಲರ್ ಸುತ್ತ ರಟ್ಟಿನ ಪಟ್ಟಿ, ಮೇಲೊಂದು ತೆಳು ಪ್ಲಾಸ್ಟಿಕ್ ಕವರ್, ಜೊತೆಗೆ ಒಂದು ಹ್ಯಾಂಗರ್. ತೋಳಿನ ಗೆರೆ ನೋಡಿ ಮಂಡ್ಯ, "ಏನ್ಲಾ ಇದು, ಸ್ಕೇಲ್ ಇಟ್ಟು ಎಳ್ದವ್ರಾ?" ಅಂದ. ಆಗ ಗೊತ್ತಾಗಿದ್ದು, ಅವರಪ್ಪನದು ಇಸ್ತ್ರಿ ಗಾಡಿ. ಇಪ್ಪತ್ತು ವರ್ಷದಿಂದ ಒಂದೇ ಮರದ ಕೆಳಗೆ, ಇದ್ದಿಲು ಪೆಟ್ಟಿಗೆ. ಮೂರು ವರ್ಷ ಒಂದೇ ರೂಮಿನಲ್ಲಿದ್ದೂ ನಾವು ಕೇಳಿರಲಿಲ್ಲ. ಅವನು ಮುಚ್ಚಿಟ್ಟಿರಲೂ ಇಲ್ಲ. ಅಪ್ಪ ಏನು ಮಾಡ್ತಾರೆ ಅಂತ ಕೇಳಿದಾಗ "ಬಿಸಿನೆಸ್" ಅಂದಿದ್ದ, ನಾವು ಅಲ್ಲಿಗೇ ಬಿಟ್ಟಿದ್ದೆವು.

ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಮುಂಬೈ ಸೇರಿ, ಬ್ಯಾಲಾರ್ಡ್ ಪಿಯರ್‌ನ ಟರ್ಮಿನಲ್‌ಗೆ ಹೋದೆವು. ನಾವು ಬುದ್ಧಿವಂತರ ಹಾಗೆ ಒಂದು ಸಣ್ಣ ಟ್ರಾವೆಲ್ ಐರನ್ ತಂದಿದ್ದೆವು. ಎಕ್ಸ್‌ರೇ ಮೆಷಿನ್‌ನಲ್ಲಿ ಬ್ಯಾಗ್ ಹೋಯಿತು, ಬೆಲ್ಟ್ ನಿಂತಿತು. ಇಸ್ತ್ರಿ ಪೆಟ್ಟಿಗೆ ಅಲ್ಲೇ ಉಳಿಯಿತು, ನಮ್ಮ ಕೈಗೆ ಒಂದು ಟೋಕನ್ ಬಂತು. ಇಳಿಯುವಾಗ ಕೊಡ್ತೀವಿ ಅಂದರು.

ಮೊದಲು ಸಿಟ್ಟು ಬಂತು. ಆಮೇಲೆ ಬೀದರ್, ಅವನು ಇಇಇ, ಊಟದ ಸಾಲಿನಲ್ಲಿ ನಿಂತು ವಿವರಿಸಿದ. ಹಡಗಿನ ವೈರಿಂಗ್ ನಮ್ಮ ಮನೆಯ ಹಾಗಲ್ಲ. ಮನೆಯಲ್ಲಿ ಒಂದು ಫೇಸ್, ಒಂದು ನ್ಯೂಟ್ರಲ್. ಹಡಗಿನಲ್ಲಿ ಸಾಮಾನ್ಯವಾಗಿ ನ್ಯೂಟ್ರಲ್ಲನ್ನು ಹಡಗಿನ ಉಕ್ಕಿನ ಮೈಗೆ ಕಟ್ಟಿರುವುದಿಲ್ಲ. ಒಂದು ಅರ್ತ್ ಫಾಲ್ಟ್ ಆದ ಮಾತ್ರಕ್ಕೆ ನಡುಸಮುದ್ರದಲ್ಲಿ ಪಂಪು, ಸ್ಟಿಯರಿಂಗ್ ನಿಂತುಬಿಡಬಾರದು ಅಂತ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಶನ್ ಬೋರ್ಡನ್ನು ಒಳಗೆ ಬಿಡದಿರುವುದಕ್ಕೂ ಈ ವೈರಿಂಗೇ ಕಾರಣ. ಇಸ್ತ್ರಿಯ ವಿಷಯ ಇನ್ನೂ ಸರಳ: ಬೆಂಕಿ. 1990ರ ಏಪ್ರಿಲ್‌ನಲ್ಲಿ ಓಸ್ಲೋದಿಂದ ಡೆನ್ಮಾರ್ಕ್‌ಗೆ ಹೊರಟಿದ್ದ ಸ್ಕ್ಯಾಂಡಿನೇವಿಯನ್ ಸ್ಟಾರ್ ಹಡಗಿಗೆ ರಾತ್ರಿ ಬೆಂಕಿ ಬಿದ್ದು 159 ಜನ ಸತ್ತರು. ಅಲ್ಲಿ ಇಸ್ತ್ರಿಯ ತಪ್ಪೇನೂ ಇರಲಿಲ್ಲ, ಯಾರೋ ಬೇಕಂತಲೇ ಹಚ್ಚಿದ ಬೆಂಕಿ. ಆದರೆ ಕಾರಿಡಾರಿನ ಗೋಡೆಯ ಹೊದಿಕೆ ಹೊತ್ತಿ ಎದ್ದ ವಿಷದ ಹೊಗೆಯೇ ಬಹಳ ಜನರನ್ನು ಕೊಂದದ್ದು. ನಮ್ಮದು ಕಿಟಕಿ ಇಲ್ಲದ ಕ್ಯಾಬಿನ್. ಅದನ್ನು ಕೇಳಿದ ಮೇಲೆ ಟೋಕನ್ ಬಗ್ಗೆ ಯಾರೂ ಗೊಣಗಲಿಲ್ಲ. ಕೆಲವು ದೊಡ್ಡ ಹಡಗುಗಳಲ್ಲಿ ನಾವೇ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಳ್ಳುವ ಕೋಣೆ ಇರುತ್ತಂತೆ. ನಮ್ಮದರಲ್ಲಿ ಇದ್ದದ್ದು ಲಾಂಡ್ರಿಗೆ ಕೊಡುವ ವ್ಯವಸ್ಥೆ ಮಾತ್ರ. ಸಂಜೆ ಕೊಟ್ಟರೆ ಮಾರನೇ ದಿನ ಸಂಜೆ. ಒಂದು ಶರ್ಟಿನ ರೇಟಿನಲ್ಲಿ ನಮ್ಮ ಕಾಲೇಜು ಗೇಟ್ ಹತ್ತಿರ ಇಡೀ ರೂಮಿನ ಬಟ್ಟೆ ಇಸ್ತ್ರಿ ಆಗುತ್ತೆ.

ಈಗ ತಪ್ಪಿನ ವಿಷಯ. ಶನಿವಾರ ರಾತ್ರಿ ಊಟಕ್ಕೆ ಎಲ್ಲರೂ ಚೆನ್ನಾಗಿ ಡ್ರೆಸ್ ಮಾಡಿಕೊಂಡು ಬರುತ್ತಾರೆ ಅಂತ ಗೊತ್ತಾಯಿತು. ನಮ್ಮ ಶರ್ಟುಗಳು ಬ್ಯಾಗಿನ ತಳದಲ್ಲಿ, ಶೂ ಕೆಳಗೆ, ಹಪ್ಪಳ ಮುರಿದ ಹಾಗೆ ಇದ್ದವು. ದಾವಣಗೆರೆ ಡೆಕ್ ಮೇಲೆ ಗಾಳಿಗೆ ನಿಂತಿದ್ದ. ನಮ್ಮಲ್ಲಿ ಒಬ್ಬ ಅವನ ಶರ್ಟ್ ತೆಗೆದು ಹಾಕಿಕೊಂಡ. "ಬರೀ ಒಂದು ಫೋಟೋಗೆ" ಅಂದ. ಯಾರು ಅಂತ ಬರೆಯುವುದಿಲ್ಲ, ಯಾಕೆಂದರೆ ಉಳಿದಿಬ್ಬರು ಬೇಡ ಅನ್ನಲಿಲ್ಲ, ಒಬ್ಬ ಗುಂಡಿ ಕೂಡ ಹಾಕಿಕೊಟ್ಟ. ಫೋಟೋ ಆಯಿತು. ಆಮೇಲೆ ಮ್ಯೂಸಿಕ್ ಶುರುವಾಯಿತು. ಗಂಟೆ ಹನ್ನೆರಡರ ಹೊತ್ತಿಗೆ ಆ ಶರ್ಟಿನ ಮೊಣಕೈ, ಬೆನ್ನು, ಹೊಟ್ಟೆ ಎಲ್ಲಾ ಬೆವರಿನಲ್ಲಿ ಮುದುಡಿ ಹೋಗಿತ್ತು.

ದಾವಣಗೆರೆ ನೋಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಂಕ್ ಮೇಲೆ ಹತ್ತಿ ಗೋಡೆ ಕಡೆ ತಿರುಗಿ ಮಲಗಿದ.

ನಾವು ಮೂವರೂ ಬಾತ್‌ರೂಮ್ ಸೇರಿದೆವು. ಶರ್ಟನ್ನು ಮೊದಲು ಸಾಬೂನಿನಲ್ಲಿ ಒಗೆದು ಹಿಂಡಿದೆವು. (ಹಿಂಡಿದ್ದು ಎರಡನೇ ತಪ್ಪು. ಹತ್ತಿಯನ್ನು ತಿರುಚಿ ಹಿಂಡಬಾರದು, ಒಣ ಟವೆಲ್‌ನಲ್ಲಿ ಸುತ್ತಿ ಒತ್ತಬೇಕು.) ಆಮೇಲೆ ಇಂಟರ್ನೆಟ್ಟಿನಲ್ಲಿ ಓದಿದ್ದ ಉಪಾಯ: ಬಿಸಿ ಶವರ್ ಬಿಟ್ಟು, ಆ ಹಬೆಯಲ್ಲಿ ಶರ್ಟ್ ನೇತುಹಾಕುವುದು. ಹಡಗಿನ ಬಾತ್‌ರೂಮ್ ನಮ್ಮ ಹಾಸ್ಟೆಲ್ ಬೀರುವಿನಷ್ಟು ದೊಡ್ಡದು, ಅದರ ಎಕ್ಸಾಸ್ಟ್ ಮಾತ್ರ ಪಕ್ಕಾ. ಹಬೆ ನಿಲ್ಲಲೇ ಇಲ್ಲ. ಬಾಗಿಲು ತೆರೆದು ಕ್ಯಾಬಿನ್ ಪೂರ್ತಿ ಹಬೆ ಮಾಡೋಣ ಅಂತ ಮಂಡ್ಯ ಹೊರಟ. ಶಿರಸಿ ಮೇಲೆ ತೋರಿಸಿದ, ಸ್ಮೋಕ್ ಡಿಟೆಕ್ಟರ್. ಅದು ಹಬೆಗೂ ಕೂಗಬಹುದು. ರಾತ್ರಿ ಒಂದೂವರೆಗೆ ಅಷ್ಟು ಜನರನ್ನು ಲೈಫ್ ಜಾಕೆಟ್ ಹಾಕಿಸಿ ಡೆಕ್‌ಗೆ ಕರೆಸುವ ಧೈರ್ಯ ನಮಗಿರಲಿಲ್ಲ. ಬೆಳಿಗ್ಗೆ ಹೊತ್ತಿಗೆ ಶರ್ಟ್ ಒಣಗಿತ್ತು. ಹಿಂಡಿದ ಗೆರೆಗಳೆಲ್ಲ ಹಾಗೇ ಕೂತಿದ್ದವು.

ಭಾನುವಾರ ಹಡಗು ಮೊರ್ಮುಗೋವಾದಲ್ಲಿ ನಿಂತಿತು. ಉಳಿದವರೆಲ್ಲ ಬೀಚಿಗೆ ಹೋದರು, ನಾವು ನಾಲ್ವರು ಶರ್ಟ್ ಹಿಡಿದುಕೊಂಡು ವಾಸ್ಕೋದ ಬೀದಿಗಳಲ್ಲಿ ಇಸ್ತ್ರಿ ಅಂಗಡಿ ಹುಡುಕಿದೆವು. ಸಿಕ್ಕಿದ್ದು ಎರಡು, ಎರಡಕ್ಕೂ ಬೀಗ. ವಾಸ್ಕೋದಲ್ಲಿ ಕನ್ನಡ ಮಾತಾಡುವವರು ಬಹಳ. ಚಹಾ ಅಂಗಡಿಯವರು ನಮ್ಮ ಮಾತು ಕೇಳಿ, "ಇವತ್ತ ಐತಾರ ಅಲ್ರೀ ತಮ್ಮಾ, ಯಾರ ತೆಗೀತಾರ" ಅಂದು ಚಹಾಕ್ಕೆ ದುಡ್ಡು ತಗೊಳ್ಳಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ದಾವಣಗೆರೆ ಅಪ್ಪನಿಗೆ ಫೋನ್ ಹಚ್ಚಿದ. ಸ್ಪೀಕರ್ ಹಾಕಿದ. ಶರ್ಟ್ ಮುದುಡಿದ್ದು ಹೇಗೆ ಅಂತ ಅವರು ಕೇಳಿದರು.

"ನಾನೇ ಹಾಕ್ಕೊಂಡಿದ್ದೆ ಅಪ್ಪ, ಫೋಟೋಕ್ಕೆ."

ನಾವು ಮೂವರೂ ಚಹಾ ಗ್ಲಾಸ್ ನೋಡುತ್ತಾ ಕೂತೆವು.

ಅವರು ಹೇಳಿದ್ದು ನಾಲ್ಕೇ ಮಾತು. ಪೂರ್ತಿ ಒಣಗಿದ ಬಟ್ಟೆ ಮಾತು ಕೇಳಲ್ಲ, ಮೊದಲು ನೀರು ಚಿಮುಕಿಸಿ ಸುತ್ತಿಡು, ನೀರು ಎಲ್ಲಾ ಕಡೆ ಸಮ ಇಳೀಲಿ. ಆಮೇಲೆ ಹೊಲಿಗೆ ಹಿಡಿದು ಎಳಿ, ಬಟ್ಟೆ ಹಿಡಿದು ಎಳೀಬ್ಯಾಡ. ಕಾಲರ್, ಕಫ್, ಗುಂಡಿ ಪಟ್ಟಿ ಇವು ಮೂರು ನೆಟ್ಟಗಿದ್ದರೆ ಮಂದಿ ಬೇರೇನೂ ನೋಡಲ್ಲ. ಅದಕ್ಕೆ ಬಿಸಿನೀರು ತುಂಬಿದ ಸ್ಟೀಲ್ ಚೊಂಬು ಸಾಕು. ಕೊನೆಗೆ, "ಬಿಸಿ ಇದ್ದಾಗ ಮಡಚಬ್ಯಾಡ ಮಗಾ, ಹಾಕ್ಕೋಬ್ಯಾಡ. ಆರಲಿ. ಆರಿದ ಮ್ಯಾಲೆ ಹಂಗೇ ನಿಲ್ತತಿ."

ಶಿರಸಿ ಕೆಮಿಕಲ್ ಓದುತ್ತಾನೆ. ಹಡಗಿಗೆ ಹಿಂತಿರುಗುವ ದಾರಿಯಲ್ಲಿ ಅವನು ಬಾಯಿ ಬಿಟ್ಟ. ಹತ್ತಿ ಅಂದರೆ ಸೆಲ್ಯುಲೋಸ್, ಉದ್ದುದ್ದ ಸರಪಳಿಗಳು. ಒಂದನ್ನೊಂದು ಹಿಡಿದಿಟ್ಟಿರುವುದು ಹೈಡ್ರೋಜನ್ ಬಂಧ, ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಎಲ್ಲರೂ ಬರೆದಿದ್ದೇವೆ. ನೀರು ಆ ಸರಪಳಿಗಳ ನಡುವೆ ನುಗ್ಗಿ ಬಂಧ ಸಡಿಲಿಸುತ್ತೆ, ಬಿಸಿ ಇನ್ನಷ್ಟು ಸಡಿಲಿಸುತ್ತೆ. ನೀರು ಹೋಗಿ ತಣ್ಣಗಾಗುವಾಗ ಬಟ್ಟೆ ಯಾವ ಆಕಾರದಲ್ಲಿದೆಯೋ ಅಲ್ಲೇ ಹೊಸ ಬಂಧ ಕೂರುತ್ತೆ. ಬೆವರಿಗೆ ಸುಕ್ಕು ಬೀಳುವುದೂ ಹೀಗೇ, ಇಸ್ತ್ರಿಗೆ ಸುಕ್ಕು ಹೋಗುವುದೂ ಹೀಗೇ. ಲ್ಯಾಬಿನ ಮಾಮೂಲಿ ಸ್ಥಿತಿಯಲ್ಲಿ ಹತ್ತಿ ತನ್ನ ಒಣ ತೂಕದ ಸುಮಾರು 8.5 ಶೇಕಡಾ ನೀರು ಹಿಡಿಯುತ್ತೆ, ಪಾಲಿಯೆಸ್ಟರ್ 0.4 ಮಾತ್ರ. ಪಾಲಿಯೆಸ್ಟರ್ ಶರ್ಟ್ ಬ್ಯಾಗಿನಲ್ಲಿ ಸುಲಭಕ್ಕೆ ಸುಕ್ಕಾಗದಿರುವುದಕ್ಕೂ, ಮುಂಬೈ ಸೆಕೆಯಲ್ಲಿ ಮೈಗೆ ಅಂಟಿ ಜೀವ ತಿನ್ನುವುದಕ್ಕೂ ಇದೇ ಕಾರಣ. ಈ ಬಂಧಗಳು ಅಲುಗಾಡದ ಹಾಗೆ ಸರಪಳಿಗಳ ನಡುವೆ ಕೆಮಿಕಲ್ ಸೇತುವೆ ಕಟ್ಟಿದ್ದೇ ರಿಂಕಲ್-ಫ್ರೀ ಹತ್ತಿ. ಅಮೆರಿಕದ ಕೃಷಿ ಇಲಾಖೆಯ ಲ್ಯಾಬಿನಲ್ಲಿ ರೂತ್ ಬೆನೆರಿಟೊ ಅನ್ನುವ ವಿಜ್ಞಾನಿಯ ಕೆಲಸ ಇದರಲ್ಲಿ ದೊಡ್ಡದು. "ಹೊಸ ಬಂಧ ಕೂರೋ ತನಕ ಬಟ್ಟೆ ಅಲುಗಿಸಬಾರದು. ಅದನ್ನೇ ಅವರು 'ಆರಲಿ' ಅಂದಿದ್ದು" ಅಂದ ಶಿರಸಿ. ದಾವಣಗೆರೆ ಬೆಳಿಗ್ಗೆಯಿಂದ ಮೊದಲ ಸಲ ನಕ್ಕ. "ಅಪ್ಪ ಏಳನೇ ಕ್ಲಾಸು" ಅಂದ.

ಆ ರಾತ್ರಿ ಕೆಲಸ ಹೀಗೆ ನಡೆಯಿತು. ಬೆರಳಿಂದ ನೀರು ಚಿಮುಕಿಸಿ, ಶರ್ಟನ್ನು ಸುತ್ತಿ ಅರ್ಧ ಗಂಟೆ ಪ್ಲಾಸ್ಟಿಕ್ ಕವರ್‌ನಲ್ಲಿಟ್ಟೆವು. ಬೀದರ್ ತನ್ನ ಸ್ಟೀಲ್ ಬಾಟಲಿಯಲ್ಲಿ ಚಹಾ ಕೌಂಟರಿನ ಬಿಸಿನೀರು ತುಂಬಿಸಿಕೊಂಡು ಓಡಿ ಬಂದ. ಬಟ್ಟೆ ಮೇಲಿಟ್ಟರೆ ತಣ್ಣಗಿದೆ! ವ್ಯಾಕ್ಯೂಮ್ ಫ್ಲಾಸ್ಕ್. ಹೊರಗೆ ಬಿಸಿ ಬಿಡದಿರಲಿ ಅಂತಲೇ ಮಾಡಿದ ವಸ್ತು. ನಾಲ್ವರು ಎಂಜಿನಿಯರ್‌ಗಳಿಗೆ ಅದು ಹೊಳೆಯಲು ಎರಡು ನಿಮಿಷ ಬೇಕಾಯಿತು. ಆಮೇಲೆ ಮಂಡ್ಯನ ಒಂದೇ ಪದರದ, ನಜ್ಜುಗುಜ್ಜಾದ ಸ್ಟೀಲ್ ಲೋಟ ಕೆಲಸಕ್ಕೆ ಬಂತು. ಕಟ್ಟಿಲ್ಲದ ತಳ, ಸಪಾಟು. ಸಾಕ್ಸ್ ಸುತ್ತಿ ಹಿಡಿದು, ಮೇಜಿನ ಮೇಲೆ ಟವೆಲ್ ಹಾಸಿ, ದಾವಣಗೆರೆ ಒತ್ತಿದ. ನಾವು ಸರದಿಯಲ್ಲಿ ಬಿಸಿನೀರು ತಂದೆವು, ಏಳು ಸಲ. ಹತ್ತಿಗೆ ಇಸ್ತ್ರಿ ಪೆಟ್ಟಿಗೆಯ ಮೂರು ಚುಕ್ಕಿ ಅಂದರೆ 200 ಡಿಗ್ರಿವರೆಗೆ. ನಮ್ಮ ಲೋಟ ನೂರನ್ನೂ ಮುಟ್ಟಲ್ಲ. ಆದರೂ ಒದ್ದೆ ಇದ್ದದ್ದರಿಂದ ಬಟ್ಟೆ ಮಣಿಯಿತು. ಅವನ ಕೈ ಓಡುವುದನ್ನು ನಾವು ಸುಮ್ಮನೆ ನೋಡಿದೆವು. ಕಾಲರಿನ ಎರಡು ತುದಿಯಿಂದ ನಡುವಿಗೆ, ಎಂದೂ ನಡುವಿಂದ ತುದಿಗೆ ಅಲ್ಲ. ಚಿಕ್ಕವನಿದ್ದಾಗ ಸ್ಕೂಲ್ ಮುಗಿಸಿ ಗಾಡಿ ಹತ್ತಿರ ನಿಲ್ಲುತ್ತಿದ್ದನಂತೆ, ಕರ್ಚೀಫುಗಳು ಅವನ ಪಾಲು.

ತೂಗುಹಾಕಲು ಜಾಗ ಬೇಕಿತ್ತು. ಕ್ಯಾಬಿನ್ ಗೋಡೆ ಉಕ್ಕಿನ ತಗಡು, ಮ್ಯಾಗ್ನೆಟ್ ಹಿಡಿಯುತ್ತೆ ಅಂತ ಬೀದರ್ ಎರಡು ಮ್ಯಾಗ್ನೆಟ್ ಹುಕ್ ತಂದಿದ್ದ. ಇಡೀ ಪ್ರಯಾಣದಲ್ಲಿ ನಾವು ಮಾಡಿದ ಒಂದೇ ಒಳ್ಳೆ ಪ್ಲಾನ್ ಅದು. ಎಸಿ ಗಾಳಿ ಬರುವ ಕಡೆ ಹ್ಯಾಂಗರ್ ಸಿಕ್ಕಿಸಿದೆವು. ಹಡಗು ತೂಗಿದಾಗ ಶರ್ಟ್ ನಿಧಾನಕ್ಕೆ ಆಚೆ ಈಚೆ ಆಡುತ್ತಿತ್ತು. ಯಾರೂ ಅದರ ಹತ್ತಿರ ಹೋಗಲಿಲ್ಲ.

ಸೋಮವಾರ ಎಂಟೂವರೆಗೆ ಇಳಿದೆವು. ಟೋಕನ್ ಕೊಟ್ಟು ನಮ್ಮ ಟ್ರಾವೆಲ್ ಐರನ್ ಬಿಡಿಸಿಕೊಂಡೆವು. ಹಾಕಲು ಪ್ಲಗ್ ಇಲ್ಲ, ನಿಲ್ಲಲು ಟೈಮ್ ಇಲ್ಲ. ಸಿಎಸ್‌ಎಂಟಿಯಿಂದ ಹಾರ್ಬರ್ ಲೈನಿನಲ್ಲಿ ವಾಶಿ ಕಡೆ. ಬೆಳಗಿನ ಜನಸಾಗರ ಎದುರು ದಿಕ್ಕಿನಲ್ಲಿ ಬರುತ್ತೆ, ಆದ್ದರಿಂದ ನಮಗೆ ನಿಲ್ಲಲು ಜಾಗ ಸಿಕ್ಕಿತು. ದಾವಣಗೆರೆ ಟೀ ಶರ್ಟಿನಲ್ಲಿದ್ದ. ಶರ್ಟ್ ಹ್ಯಾಂಗರಿನಲ್ಲಿತ್ತು, ಅದರ ಮೇಲೆ ಆ ಪ್ಲಾಸ್ಟಿಕ್ ಕವರ್. ನುಣುಪಿಗೆ ಬಟ್ಟೆ ಜಾರುತ್ತೆ, ಮಡಿಕೆ ನಿಲ್ಲಲ್ಲ. ನಾವು ಮೂವರು ಸರದಿ ಮೇಲೆ ಅದನ್ನು ತಲೆಗಿಂತ ಎತ್ತರಕ್ಕೆ ಹಿಡಿದುಕೊಂಡು ನಿಂತೆವು, ಉತ್ಸವಮೂರ್ತಿ ಹೊತ್ತ ಹಾಗೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಮರಾಠಿಯಲ್ಲಿ ಮದುವೆ ಯಾರದ್ದು ಅಂತ ಕೇಳಿದರು. ವಾಶಿ ಸ್ಟೇಷನ್‌ನಲ್ಲಿ ಬಟ್ಟೆ ಬದಲಿಸಿದ. ಬೆನ್ನ ಮೇಲೆ ಎರಡು ಗೆರೆ ಉಳಿದಿದ್ದವು. ನಾವು ಹೇಳಲಿಲ್ಲ.

ಕಾರ್ಖಾನೆ ಗೇಟಿನಲ್ಲಿ ಅವನಿಗೊಂದು ಹೆಲ್ಮೆಟ್ಟು, ಒಂದು ಕಂದು ಬಣ್ಣದ ಕೋಟು ಕೊಟ್ಟರಂತೆ. ಮೊದಲು ಶಾಪ್ ಫ್ಲೋರ್ ತೋರಿಸಿ, ಅಲ್ಲೇ ನಿಲ್ಲಿಸಿ ಪ್ರಶ್ನೆ ಕೇಳಿದ್ದು. ಇಡೀ ಇಂಟರ್‌ವ್ಯೂ ಆ ಕೋಟಿನಲ್ಲೇ ಆಯಿತು. ಕಂಡದ್ದು ಕಾಲರ್ ಮಾತ್ರ. ಮುಂದಿನ ರೌಂಡ್‌ಗೆ ಕರೆದರು, ಅದರಲ್ಲಿ ಆಗಲಿಲ್ಲ. ಈಗ ಅವನು ಇನ್ನೊಂದು ಕಡೆಯ ಟೆಸ್ಟ್‌ಗೆ ಓದುತ್ತಿದ್ದಾನೆ.

ಆ ಮಧ್ಯಾಹ್ನ ಗೇಟಿನ ಹೊರಗೆ ವಡಾಪಾವ್ ತಿನ್ನುವಾಗ ಅವರಪ್ಪನ ಫೋನ್ ಬಂತು. ನಮ್ಮಲ್ಲಿ ಶರ್ಟ್ ಹಾಕಿಕೊಂಡವನು ಫೋನ್ ಕಿತ್ತುಕೊಂಡು, "ಅಂಕಲ್, ಶರ್ಟ್ ಹಾಳು ಮಾಡಿದ್ದು ನಾನು" ಅಂದ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಇದ್ದಿಲಿನ ಪೆಟ್ಟಿಗೆ ಸ್ಟ್ಯಾಂಡ್ ಮೇಲಿಟ್ಟ ಸದ್ದು ಕೇಳಿಸಿತು.

"ಇರ್ಲಿ ಬಿಡಪ. ಕಾಲರ್ ನಿಂತಿತ್ತಾ?"

"ನಿಂತಿತ್ತು ಅಂಕಲ್."

"ಹಂಗಾರೆ ನೀವೆಲ್ಲ ಊಟ ಮಾಡ್ರಿ ಮೊದಲು" ಅಂದರು.