ಆ ಹಾಡು ಯಾರದು?

ನವಲಿಯ ನಮ್ಮ ಮನೆಯಲ್ಲಿ ಮುಸ್ಸಂಜೆ ದೀಪ ಹಚ್ಚಿದ ಮೇಲೆ ಎರಡು ಹಾಡು ಆಗಲೇಬೇಕು. ಮೊದಲು ಅತ್ತೆಯವರ ದಾಸರ ಪದ, ಆಮೇಲೆ ನಾನು ಶಾಲೆಯಲ್ಲಿ ಕಲಿತ ‘ಕರುಣಾಳು ಬಾ ಬೆಳಕೆ’. ಮದುವೆಯಾಗಿ ಬಂದಂದಿನಿಂದ ನಡೆದ ಪದ್ಧತಿ. ಅದಕ್ಕೆ ಕಲ್ಲು ಬಿದ್ದದ್ದು ಹೋದ ವರ್ಷ.

ಪಕ್ಕದ ಬಾಡಿಗೆ ಮನೆಯಲ್ಲಿ ಬೆಟಗೇರಿ ಕಡೆಯ ಕ್ರೈಸ್ತ ಹೆಣ್ಣುಮಗಳೊಬ್ಬಳಿದ್ದಾಳೆ. ನರ್ಸು. ಓಣಿಗೆಲ್ಲ ‘ಸಿಸ್ಟರ್’, ನನಗೆ ತಂಗಿಯ ಹಾಗೆ. ಆಕೆಯ ತಾಯಿ ತೀರಿಕೊಂಡಾಗ ಮನೆಯಲ್ಲಿ ಪ್ರಾರ್ಥನೆ ಇಟ್ಟಿದ್ದರು. “ಅಕ್ಕಾ, ನೀವೂ ಒಂದು ಹಾಡ್ರಿ. ಅವ್ವಗ ನಿಮ್ಮ ದನಿ ಭಾಳ ಸೇರತಿತ್ತು” ಎಂದಳು. ಏಸುಸ್ವಾಮಿಯ ಹಾಡು ನನಗೆಲ್ಲಿ ಬರಬೇಕು? ಬರುವುದನ್ನೇ ಹಾಡಿದೆ. ಮುಗಿದ ಮೇಲೆ ಹಿರಿಯರೊಬ್ಬರು ಮೆಲ್ಲಗೆ, “ಚಲೋ ಹಾಡಿದ್ರಿ ತಾಯಿ. ಆದ್ರ ಇದು ಸಾಲ್ಯಾಗಿನ ಹಾಡು. ನಮ್ಮ ಹಾಡಿನ್ಯಾಗ ಕ್ರಿಸ್ತನ ಹೆಸರು ಇರತದ” ಎಂದರು. ನನ್ನ ಮುಖ ಸಣ್ಣದಾಯಿತು.

ಅಂದು ರಾತ್ರಿ ಕಾಲೇಜು ಓದುವ ಮಗಳು ಹೊಸ ಸುದ್ದಿ ಹೇಳಿದಳು. ಬಿ.ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಪುಸ್ತಕದಲ್ಲಿ ಕನ್ನಡಕ್ಕೆ ತಂದ ಈ ಹಾಡಿನ ಮೂಲ ಬರೆದವರು ಜಾನ್ ಹೆನ್ರಿ ನ್ಯೂಮನ್ ಎಂಬ ಇಂಗ್ಲೆಂಡಿನ ಪಾದ್ರಿ! 1833ರಲ್ಲಿ ಸಿಸಿಲಿ ದ್ವೀಪದಲ್ಲಿ ಜ್ವರ ಬಂದು ಸಾಯುವಂತಾಗಿ, ಚೇತರಿಸಿಕೊಂಡು ಊರಿಗೆ ಹೊರಟರೆ, ಗಾಳಿಯಿಲ್ಲದೆ ಹಡಗು ಸಮುದ್ರದಲ್ಲೇ ನಿಂತುಬಿಟ್ಟಿತಂತೆ. ಆಗ ಬರೆದದ್ದು. 2019ರಲ್ಲಿ ಪೋಪರು ಅವರನ್ನು ಸಂತರೆಂದು ಸಾರಿದರು. ಗಾಂಧೀಜಿಗೂ ಇದು ಮೆಚ್ಚಿನ ಹಾಡಾಗಿತ್ತು.

ಖುಷಿಯಲ್ಲಿ ಅತ್ತೆಯವರ ಮುಂದೆ ಹೇಳಿದೆ. ಅದೇ ತಪ್ಪಾಯಿತು. “ಪಾದ್ರಿ ಬರದದ್ದೇನು? ಹಂಗಾರ ದೇವರ ಮುಂದ ಬ್ಯಾಡ ಬಿಡವಾ” ಎಂದುಬಿಟ್ಟರು. ನೋಡಿ, ಆ ಮನೆಯಲ್ಲಿ ಅದು ಕ್ರೈಸ್ತರ ಹಾಡಲ್ಲ, ಈ ಮನೆಯಲ್ಲಿ ಅದು ಕ್ರೈಸ್ತರ ಹಾಡು!

ರೊಟ್ಟಿ ಬಡಿಯುತ್ತ ಇದನ್ನೇ ಯೋಚಿಸಿದೆ. ಪಾದ್ರಿಯ ಕೈ ತಾಗಿದ್ದೆಲ್ಲ ಕ್ರೈಸ್ತರದೆನ್ನೋಣವೆ? ದಾಸರ ಪದಗಳನ್ನು 1850ರಷ್ಟು ಹಿಂದೆಯೇ ಮಂಗಳೂರಿನಲ್ಲಿ ಅಚ್ಚು ಹಾಕಿಸಿದವರು ಬಾಸೆಲ್ ಮಿಶನ್ನಿನ ಪಾದ್ರಿ ಮೋಗ್ಲಿಂಗ್. ಧಾಟಿ ನೋಡೋಣವೆಂದರೆ, ನಿಘಂಟು ಬರೆದ ಕಿಟ್ಟೆಲ್ ಸಾಹೇಬರು 1862ರ ‘ಕಥಾಮಾಲೆ’ಯಲ್ಲಿ ಏಸುವಿನ ಕಥೆ ಹೇಳಿದ್ದು ನಮ್ಮ ಛಂದಸ್ಸಿನಲ್ಲೇ. ಹಾಗಾದರೆ ಹೆಸರು? ಕ್ರಿಸ್‌ಮಸ್ಸಿಗೆ ಮಕ್ಕಳು ಕುಣಿಯುವ ‘ಜಿಂಗಲ್ ಬೆಲ್ಸ್’ನಲ್ಲಿ ಏಸುವೂ ಇಲ್ಲ, ಕ್ರಿಸ್‌ಮಸ್ಸೂ ಇಲ್ಲ. ಹಿಮದ ಮೇಲೆ ಕುದುರೆ ಗಾಡಿ ಓಡುತ್ತದೆ, ಅಷ್ಟೇ.

ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಸಿಸ್ಟರಳನ್ನೇ ಕೇಳಿದೆ. “ನ್ಯೂಮನ್ ಇದಕ್ಕ ಇಟ್ಟ ಹೆಸರು ‘ಮೇಘಸ್ತಂಭ’ ಅಕ್ಕಾ. ಬೈಬಲ್ಲಿನ್ಯಾಗ ಇಸ್ರಾಯೇಲರು ಮರುಭೂಮಿ ದಾಟುವಾಗ ದೇವರು ಹಗಲು ಮೋಡದ ಕಂಬ, ರಾತ್ರಿ ಬೆಂಕಿ ಕಂಬ ಆಗಿ ಮುಂದ ನಡೀತಾನ. ಅವತ್ತು ನೀವು ಹಾಡಾಕತ್ತಾಗ ನನಗ ಅದೇ ಕಾಣತಿತ್ತು. ಏಸುವಿನ ಹತ್ರ ಅವ್ವನ ಸಲುವಾಗಿ ಬೇಡಿಕೊಂಡೆ” ಎಂದಳು. ಕನ್ನಡದಲ್ಲಿ ಆ ಕಂಬವಿಲ್ಲ, ಬೆಳಕಷ್ಟೇ ಇದೆ. ಆದರೂ ಆಕೆಗೆ ಕಂಡಿತ್ತು. ಅಂದಮೇಲೆ ಆ ಹೊತ್ತಿಗೆ, ಆಕೆಯ ಪಾಲಿಗೆ, ಅದು ಕ್ರಿಸ್ತನ ಹಾಡೇ ಎಂದು ನನಗನ್ನಿಸಿತು. ಹಾಗಂತ ಆ ಹಿರಿಯರ ಮಾತನ್ನು ತೆಗೆದುಹಾಕಲಾರೆ. ಹತ್ತು ಜನ ಕೂಡಿ ಹಾಡುವಾಗ ಯಾರಿಗೆ ಹಾಡುತ್ತಿದ್ದೇವೆಂದು ಬಾಯಿಬಿಟ್ಟು ಹೇಳಬೇಕೆನಿಸುವುದು ಸಹಜವೇ. ಅತ್ತೆಯವರಿಗೆ ಮಾತ್ರ ಇದನ್ನೆಲ್ಲ ಹೇಳುವ ಧೈರ್ಯವಾಗಲಿಲ್ಲ. ಸಂಜೆಗೆ ಒಂದೇ ಹಾಡಾಯಿತು.

ಈ ಮಾಘದಲ್ಲಿ ಅವರ ಕಣ್ಣಿನ ಪೊರೆ ತೆಗೆಸಿದೆವು. ಪಟ್ಟಿ ಕಟ್ಟಿದ ರಾತ್ರಿ ಅವರಿಗೆ ನಿದ್ದೆಯಿಲ್ಲ. ಸಿಸ್ಟರ್ ನೋಡಿಕೊಂಡು ಹೋಗಲು ಬಂದಿದ್ದಳು.

“ಆ ಬೆಳಕಿನ ಹಾಡು ಹಾಡವಾ” ಎಂದರು ಅತ್ತೆಯವರು.

“ಅದು ಪಾದ್ರಿದು ಅತ್ತಿ.”

“ಇರಲಿ ಬಿಡು. ನಾ ಭೋಗಾಪುರೇಶನ್ನ ನೆನೀತೀನಿ.”

ಹೊರಟಿದ್ದ ಸಿಸ್ಟರ್ ಹೊಸ್ತಿಲ ಬಳಿಯೇ ಕೂತಳು. ನಾನು ಶುರುಮಾಡಿದೆ. ಎರಡನೆಯ ಸಾಲಿಗೆ ಆಕೆಯೂ ದನಿಗೂಡಿಸಿದಳು.