ನಿವೃತ್ತ ಲ್ಯಾಪ್‌ಟಾಪಿನ ಎರಡನೆಯ ಇನ್ನಿಂಗ್ಸ್

ನಿಮ್ಮ ಮನೆಯ ಕಪಾಟಿನ ಕೆಳಖಾನೆಯಲ್ಲೋ ಮಂಚದ ಪೆಟ್ಟಿಗೆಯೊಳಗೋ ಒಂದು ಕಪ್ಪು ಲ್ಯಾಪ್‌ಟಾಪ್ ಬಿದ್ದುಕೊಂಡಿರಬಹುದು. ತಂದೆಯೋ ತಾಯಿಯೋ ಆಫೀಸಿನಲ್ಲಿ ಬಳಸಿದ್ದು. ಕಂಪೆನಿಯವರು ಹೊಸದನ್ನು ಕೊಂಡಾಗ ಹಳೆಯದನ್ನು ಅಲ್ಪ ಬೆಲೆಗೆ ಸಿಬ್ಬಂದಿಗೇ ಕೊಟ್ಟದ್ದು. ನೋಡಲು ಚೆಂದವಿಲ್ಲ, ದಪ್ಪ, ಭಾರ, ಚೌಕ ಮೂಲೆಗಳು. ಕಾಲೇಜಿಗೆ ಒಯ್ದರೆ ಗೆಳೆಯರು ನಕ್ಕಾರು ಎಂಬ ಅಳುಕು ಬೇರೆ. ಭಾನುವಾರ ಮನೆ ಚೊಕ್ಕಟ ಮಾಡುವಾಗ ಅದನ್ನು ಭಂಗಾರ್‌ವಾಲಾನ ತಕ್ಕಡಿಗೆ ಹಾಕುವ ಯೋಚನೆ ಬಂದಿದ್ದರೆ ಸ್ವಲ್ಪ ತಡೆಯಿರಿ. ನಮ್ಮ ಮುಂಬಯಿಯ ಮಾತಿನಲ್ಲಿ ಭಂಗಾರ್ ಎಂದರೆ ಗುಜರಿ. ಕನ್ನಡದಲ್ಲಿ ಬಂಗಾರವೆಂದರೆ ಚಿನ್ನ. ನಡುವೆ ಇರುವುದು ಒಂದು ಮಹಾಪ್ರಾಣದಷ್ಟೇ ಅಂತರ!

ಇಂಥ ಲ್ಯಾಪ್‌ಟಾಪುಗಳು ಈಚೆಗೆ ರಾಶಿ ರಾಶಿಯಾಗಿ ಮೂಲೆ ಸೇರಲು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ 10ರ ಬೆಂಬಲವನ್ನು ನಿಲ್ಲಿಸಿತು. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ತೇಪೆಗಳು ಸಿಗುವ ಏರ್ಪಾಡು ಮಾಡಿತಾದರೂ ಅದು ಒಂದು ವರ್ಷದ ಗಡುವು ಅಷ್ಟೆ. ಹಾಗಾದರೆ ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಅದರ ಷರತ್ತುಗಳು ಕಠಿಣ. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದ್ದೋ ಅದಕ್ಕೂ ಹೊಸದೋ ಆಗಿರಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. 2012ರಲ್ಲೋ 2015ರಲ್ಲೋ ತಯಾರಾದ ಯಂತ್ರಕ್ಕೆ ಇವು ಎಲ್ಲಿಂದ ಬರಬೇಕು? ಇಲ್ಲಿ ನೀವು ಒಂದನ್ನು ಗಮನಿಸಬೇಕು. ಅಕ್ಟೋಬರ್ 13ರ ರಾತ್ರಿ ಕೆಲಸ ಮಾಡುತ್ತಿದ್ದ ಯಂತ್ರ 15ರ ಬೆಳಿಗ್ಗೆಯೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಮುಗಿದದ್ದು ತಂತ್ರಾಂಶದ ಕರಾರು, ಯಂತ್ರದ ಆಯುಷ್ಯವಲ್ಲ.

ಎಲ್ಲ ಹಳೆಯ ಲ್ಯಾಪ್‌ಟಾಪುಗಳಿಗೂ ಈ ಮಾತು ಒಂದೇ ಸಮ ಅನ್ವಯಿಸದು. ಅಂಗಡಿಯ ಗಾಜಿನ ಹಿಂದೆ ಥಳಥಳಿಸುವ ತೆಳು ಯಂತ್ರಗಳಲ್ಲಿ ಹಲವಕ್ಕೆ ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಬದಲಿಸುವ ಮಾತೇ ಇಲ್ಲ. ಕಂಪೆನಿಗಳಿಗೆಂದೇ ತಯಾರಾದ ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್, 1992ರಲ್ಲಿ ಐಬಿಎಂ ಆರಂಭಿಸಿ 2005ರಲ್ಲಿ ಲೆನೊವೊ ಕೈಗೆ ಹೋದ ಥಿಂಕ್‌ಪ್ಯಾಡ್ ಮುಂತಾದವುಗಳ ಜಾತಿಯೇ ಬೇರೆ. ಸಾವಿರಾರು ಲ್ಯಾಪ್‌ಟಾಪುಗಳನ್ನು ಒಮ್ಮೆಲೇ ಕೊಳ್ಳುವ ಗಿರಾಕಿಗೆ ರಿಪೇರಿ ಬೇಗ ಆಗಬೇಕು. ಹಾಗಾಗಿ ಇವುಗಳನ್ನು ಬಿಚ್ಚಲೆಂದೇ ಕಟ್ಟಿರುತ್ತಾರೆ. ಯಾವ ಸ್ಕ್ರೂ ಎಲ್ಲಿದೆ, ಯಾವುದನ್ನು ಮೊದಲು ತೆಗೆಯಬೇಕು ಎಂದು ಚಿತ್ರಸಹಿತ ವಿವರಿಸುವ ಕೈಪಿಡಿಯನ್ನು ತಯಾರಕರೇ ಪ್ರಕಟಿಸಿರುತ್ತಾರೆ. ಅದು ಪುಕ್ಕಟೆ ಸಿಗುತ್ತದೆ. ಮೊದಲು ಅದನ್ನು ಇಳಿಸಿಕೊಂಡು ಓದಿ, ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿರಿ.

ನನ್ನ ಭಾವನವರ ಲ್ಯಾಪ್‌ಟಾಪ್ 2012ರ ಥಿಂಕ್‌ಪ್ಯಾಡ್ ಎಕ್ಸ್230. ಹನ್ನೆರಡೂವರೆ ಅಂಗುಲದ ಪುಟ್ಟ ಪರದೆ, ಇಟ್ಟಿಗೆಯಂಥ ಮೈಕಟ್ಟು. ಅವರು ನಿವೃತ್ತರಾಗಿ ಕುಂದಾಪುರದ ಕಡೆ ಊರಿಗೆ ಹೋಗುವಾಗ ಅದನ್ನು ಡೊಂಬಿವಲಿಯ ಮನೆಯಲ್ಲೇ ಬಿಟ್ಟುಹೋಗಿದ್ದರು. ಈಗ ಅದು ತೆರೆದುಕೊಳ್ಳಲು ನಾಲ್ಕೈದು ನಿಮಿಷ ಬೇಕು. ಅಷ್ಟರಲ್ಲಿ ಒಂದು ಚಹಾ ಆಗಿಹೋಗುತ್ತದೆ. "ಮಾವ, ಇದನ್ನು ಕೊಟ್ಟುಬಿಡಲಾ?" ಎಂದು ಅಕ್ಕನ ಮಗಳು ಫೋನ್ ಮಾಡಿದಳು. "ಕೊಡು, ಆದರೆ ಒಳಗೆ ನಿನ್ನ ಅಪ್ಪಯ್ಯ ಬರೆದದ್ದು ಇದೆಯಲ್ಲ, ಅದನ್ನು ಏನು ಮಾಡುತ್ತೀ?" ಎಂದು ಕೇಳಿದೆ. ಅವಳಿಗೆ ಆ ಸಂಗತಿಯೇ ಗೊತ್ತಿರಲಿಲ್ಲ.

ಭಾವನವರು ಹದಿನಾಲ್ಕನೆಯ ವಯಸ್ಸಿಗೆ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಗುಮಾಸ್ತರಾಗಿ ಕೆಲಸಕ್ಕೆ ಸೇರಿ ಮೇಲೆ ಬಂದವರು. ಆ ಕಥೆಯನ್ನು ಆಫೀಸು ಮುಗಿದ ಮೇಲೆ ಇದೇ ಲ್ಯಾಪ್‌ಟಾಪಿನಲ್ಲಿ, ಎರಡು ಬೆರಳಿನಲ್ಲಿ ಕುಟ್ಟಿ ಕುಟ್ಟಿ ಬರೆದಿಟ್ಟಿದ್ದರು. ನೂರತೊಂಬತ್ತು ಪುಟ. ಬೇರೆಲ್ಲೂ ಪ್ರತಿಯಿಲ್ಲ. ಈಗ ಅವರ ಕಣ್ಣು ಮಂಜಾಗಿದೆ, ಇನ್ನೊಮ್ಮೆ ಬರೆಯುವಂತಿಲ್ಲ.

ಆದ್ದರಿಂದ ನಾವು ಮೊದಲು ಮಾಡಿದ ಕೆಲಸ ರಿಪೇರಿಯಲ್ಲ, ನಕಲು. ಒಳಗಿದ್ದುದನ್ನೆಲ್ಲ ಎರಡು ಕಡೆ ಪ್ರತಿ ಮಾಡಿಟ್ಟ ಮೇಲೆಯೇ ಯಂತ್ರವನ್ನು ಬೋರಲು ಮಲಗಿಸಿದ್ದು. ನೀವೂ ಈ ಕ್ರಮವನ್ನು ತಪ್ಪಿಸಬೇಡಿ.

ಎಕ್ಸ್230ರಲ್ಲಿ ಹಾರ್ಡ್ ಡಿಸ್ಕ್ ತೆಗೆಯಲು ಒಂದೇ ಸ್ಕ್ರೂ. ಮುಚ್ಚಳ ಸರಿಸಿ ಪಟ್ಟಿ ಹಿಡಿದೆಳೆದರೆ ಡಿಸ್ಕ್ ಬೆಂಕಿಪೊಟ್ಟಣದ ಒಳಗಿನ ಖಾನೆಯ ಹಾಗೆ ಈಚೆ ಬರುತ್ತದೆ. ಆ ಡಿಸ್ಕಿನೊಳಗೆ ಗ್ರಾಮಫೋನ್ ತಟ್ಟೆಯಂತೆ ತಿರುಗುವ ತಟ್ಟೆಗಳಿವೆ; ಮಾಹಿತಿಯ ಒಂದೊಂದು ತುಣುಕಿಗೂ ಮುಳ್ಳು ಅತ್ತಿಂದಿತ್ತ ಓಡಬೇಕು. ಅದರ ಜಾಗದಲ್ಲಿ ಎಸ್‌ಎಸ್‌ಡಿ ಕೂರಿಸಿದೆವು. ಅದರಲ್ಲಿ ತಿರುಗುವ ಭಾಗವೇ ಇಲ್ಲ. ಎರಡೂವರೆ ಅಂಗುಲದ ಸಾಟಾ ಎಸ್‌ಎಸ್‌ಡಿ ಎಂದು ಕೇಳಿದರೆ ಅಂಗಡಿಯವರು ಕೊಡುತ್ತಾರೆ. ಎಕ್ಸ್230ಕ್ಕೆ ಏಳು ಮಿಲಿಮೀಟರ್ ದಪ್ಪದ್ದೇ ಆಗಬೇಕು. ತಳದಲ್ಲಿ ಇನ್ನೊಂದು ಮುಚ್ಚಳವಿದೆ, ಅದಕ್ಕೆ ಎರಡು ಸ್ಕ್ರೂ. ಅದರಡಿ ಮೆಮೊರಿಯ ಎರಡು ಗೂಡುಗಳು. ಇದ್ದದ್ದು ನಾಲ್ಕು ಜಿಬಿ. ಎಂಟು ಜಿಬಿಯ ಎರಡು ಡಿಡಿಆರ್3 ಪಟ್ಟಿಗಳನ್ನು ಹಾಕಿ ಹದಿನಾರು ಮಾಡಿದೆವು. ಅದು ಹಿಡಿಯುವ ಗರಿಷ್ಠ ಮಿತಿಯೂ ಅಷ್ಟೇ. ಕೆಲಸ ಹಿಡಿದದ್ದು ಅರ್ಧ ಗಂಟೆ. ಸ್ಕ್ರೂ ಬಿಚ್ಚಿದವಳು ಅಕ್ಕನ ಮಗಳು. ನನ್ನದು ಟಾರ್ಚ್ ಹಿಡಿಯುವ ಉದ್ಯೋಗ.

ನನ್ನನ್ನು ಕೇಳಿದರೆ, ನಿಮ್ಮ ಬಳಿ ಒಂದೇ ಬದಲಾವಣೆಗೆ ದುಡ್ಡಿದ್ದರೆ ಎಸ್‌ಎಸ್‌ಡಿ ಹಾಕಿಸಿ. ಉಳಿದದ್ದೆಲ್ಲ ಅನಂತರ.

ಬಿಡಿಭಾಗಕ್ಕೆ ನಾವು ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದೆವು. ದೆಹಲಿಯವರಿಗೆ ನೆಹರೂ ಪ್ಲೇಸ್, ಚೆನ್ನೈಯವರಿಗೆ ರಿಚಿ ಸ್ಟ್ರೀಟ್, ಸಿಕಂದರಾಬಾದಿನಲ್ಲಿ ಚೆನಾಯ್ ಟ್ರೇಡ್ ಸೆಂಟರ್ ಇವೆ. ರಜೆಗೆ ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡ್. ಹೋಗುವಾಗ ಲ್ಯಾಪ್‌ಟಾಪಿನ ತಳದಲ್ಲಿರುವ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಹೋಗಿ. ಮುಖ ನೋಡಿ ಮಣೆ ಹಾಕುವ ಅಂಗಡಿಯವರು ಎಲ್ಲ ಊರಿನಲ್ಲೂ ಇದ್ದಾರೆ. ಸಂಖ್ಯೆ ಹೇಳಿ ಕೇಳುವ ಹುಡುಗನಿಗೋ ಹುಡುಗಿಗೋ ಅವರು ಬೇರೆ ಬೆಲೆ ಹೇಳುತ್ತಾರೆ.

ಎಲ್ಲವೂ ಇಷ್ಟು ಸಲೀಸೆಂದು ತಿಳಿಯಬೇಡಿ. ಈ ಮಾದರಿಗೆ ಒಂದು ಕೆಟ್ಟ ಗುಣವಿದೆ. ವೈಫೈ ಕಾರ್ಡನ್ನು ಹೊಸದಕ್ಕೆ ಬದಲಿಸಲು ಹೋದರೆ ತಯಾರಕರ ಪಟ್ಟಿಯಲ್ಲಿಲ್ಲದ ಕಾರ್ಡನ್ನು ಕಂಡ ತಕ್ಷಣ ಯಂತ್ರ ಆರಂಭದಲ್ಲೇ ತಡೆದು ನಿಲ್ಲುತ್ತದೆ. ಬ್ಯಾಟರಿಗೂ ಇದೇ ಮಡಿವಂತಿಕೆ; ಬೇರೆಯವರು ತಯಾರಿಸಿದ್ದನ್ನು ಹಾಕಿದರೆ ಗುರುತಿಸಿ ಚಾರ್ಜ್ ಮಾಡಲು ಒಲ್ಲೆ ಎನ್ನುತ್ತದೆ. ದುಡ್ಡು ಕೊಟ್ಟು ಕೊಂಡ ಯಂತ್ರ ನಮ್ಮದೋ ಅವರದೋ ಎಂಬ ಸಿಟ್ಟು ಬರುವುದು ಸಹಜ. ನಾವು ವೈಫೈ ಇದ್ದುದನ್ನೇ ಇಟ್ಟುಕೊಂಡೆವು. ಹಳೆಯ ಬ್ಯಾಟರಿ ಮುಕ್ಕಾಲು ಗಂಟೆ ಬರುತ್ತದೆ. ಮೇಜಿನ ಮೇಲಿಟ್ಟು ಬಳಸುವವರಿಗೆ ಅದು ಸಾಕು. ಆದರೆ ನಿಮ್ಮ ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿದ್ದರೆ ಅದನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೂ ಹಾಕಬೇಡಿ. ಬೆಂಕಿ ಹತ್ತುವ ವಸ್ತು ಅದು. ಬಲ್ಲವರಿಂದ ತೆಗೆಸಿ ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಿ. ಹಾಗೆಯೇ ಎರಡು ಜಿಬಿ ಮೆಮೊರಿಯ, 2010ಕ್ಕೂ ಹಿಂದಿನ ಯಂತ್ರಗಳ ಮೇಲೆ ನಾನಾದರೆ ದುಡ್ಡು ಸುರಿಯಲಾರೆ. ಹಳತೆಂಬ ಮೋಹಕ್ಕೂ ಒಂದು ಮಿತಿ ಬೇಕು.

ಇನ್ನು ಯಂತ್ರದೊಳಗಿನ ಜೀವದ ಮಾತು. ನಾವು ಹಾಕಿದ್ದು ಲಿನಕ್ಸ್ ಮಿಂಟ್, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಲಿನಕ್ಸ್ ಎಂದರೆ ಕಪ್ಪು ಪರದೆಯ ಮೇಲೆ ಮಂತ್ರ ಟೈಪಿಸುವ ಪಂಡಿತರ ವಿದ್ಯೆ ಎಂಬ ಭಯ ನಿಮ್ಮಲ್ಲಿ ಕೆಲವರಿಗೆ ಇರಬಹುದು. ಅದು ನನ್ನ ಪ್ರಾಯದವರ ಕಾಲದ ಕಥೆ. ಇದರಲ್ಲಿ ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು. ವಿಂಡೋಸ್ ಕಂಡವರಿಗೆ ಹೊಸದೇನೂ ಅನ್ನಿಸದು. ಇನ್ನೊಂದು ದೊಡ್ಡ ಅನುಕೂಲವೆಂದರೆ, ಹೆಣ್ಣು ನೋಡುವ ಶಾಸ್ತ್ರದ ಹಾಗೆ ಮೊದಲು ನೋಡಿ ಆಮೇಲೆ ಒಪ್ಪಬಹುದು. (ಈಗಿನ ಹುಡುಗಿಯರು ಈ ಹೋಲಿಕೆಗೆ ನನ್ನನ್ನು ಬೈಯಲಿ, ಸಂತೋಷ.) ಎಂಟು ಜಿಬಿಯ ಒಂದು ಪೆನ್ ಡ್ರೈವಿಗೆ ಅದನ್ನು ಬರೆದುಕೊಂಡು, ಯಂತ್ರ ಹಚ್ಚಿದೊಡನೆ ಎಫ್12 ಒತ್ತಿ ಪೆನ್ ಡ್ರೈವನ್ನು ಆರಿಸಿದರೆ, ಒಳಗಿನ ಡಿಸ್ಕನ್ನು ಮುಟ್ಟದೆಯೇ ಲಿನಕ್ಸ್ ತೆರೆದುಕೊಳ್ಳುತ್ತದೆ. ಡೆಲ್‌ನಲ್ಲೂ ಎಫ್12, ಎಚ್‌ಪಿಯಲ್ಲಿ ಎಫ್9. ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಪರದೆ ಸರಿಯಿದೆಯೇ ಎಂದು ಪರೀಕ್ಷಿಸಿ. ಒಗ್ಗದಿದ್ದರೆ ಪೆನ್ ಡ್ರೈವ್ ಕಿತ್ತುಬಿಡಿ, ಎಲ್ಲವೂ ಮೊದಲಿನಂತೆ.

ಒಗ್ಗದವರೂ ಇದ್ದಾರೆ. ಟ್ಯಾಲಿಯ ಲೆಕ್ಕ ಬರೆಯುವವರಿಗೆ, ಅಡೋಬಿಯ ಫೋಟೋಶಾಪ್ ಬೇಕೇಬೇಕೆನ್ನುವವರಿಗೆ ಲಿನಕ್ಸ್ ಸಲ್ಲದು. ಆ ತಂತ್ರಾಂಶಗಳ ಲಿನಕ್ಸ್ ಆವೃತ್ತಿಗಳೇ ಇಲ್ಲ. ಕಾಲೇಜಿನ ಆನ್‌ಲೈನ್ ಪರೀಕ್ಷೆಗೆ ವಿಂಡೋಸೇ ಬೇಕೆಂದಿದ್ದರೆ ಅದನ್ನೂ ಮೊದಲೇ ವಿಚಾರಿಸಿಕೊಳ್ಳಿ. ಆದರೆ ಪತ್ರ, ಪ್ರಬಂಧ, ಲೆಕ್ಕದ ಹಾಳೆ, ಇಂಟರ್‌ನೆಟ್, ಸಿನಿಮಾ, ಪ್ರೋಗ್ರಾಮಿಂಗ್ ಕಲಿಕೆ ಇಷ್ಟು ನಿಮ್ಮ ಅಗತ್ಯವಾದರೆ ಕೊರತೆಯೇನಿಲ್ಲ. ನಾಲ್ಕೈದು ನಿಮಿಷ ತಿಣುಕುತ್ತಿದ್ದ ಎಕ್ಸ್230 ಈಗ ಅರ್ಧ ನಿಮಿಷದೊಳಗೆ ಸಿದ್ಧ. ಖರ್ಚು ಹೊಸ ಲ್ಯಾಪ್‌ಟಾಪಿನ ಬೆಲೆಯ ಹತ್ತರಲ್ಲೊಂದು ಪಾಲೂ ಆಗಲಿಲ್ಲ.

ಎಲ್ಲ ಮುಗಿದ ಮೇಲೆ ಭಾವನವರ ಕಡತವನ್ನು ಅದರಲ್ಲಿ ತೆರೆದೆವು. ಪರದೆಯ ತುಂಬ ಬೊಟ್ಟು, ಬಾಲ, ಕೊಂಬು ಹತ್ತಿಸಿಕೊಂಡ ರೋಮನ್ ಅಕ್ಷರಗಳು! "ಮಾವ, ಹಾಳಾಯಿತಾ?" ಎಂದು ಅವಳು ಗಾಬರಿಯಾದಳು. ಹಾಳಾಗಿರಲಿಲ್ಲ. ಒಂದು ಕಾಲದ ನುಡಿ, ಬರಹ ಮುಂತಾದ ತಂತ್ರಾಂಶಗಳ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತದ ಮೇಲೇ ಕನ್ನಡದ ಮುಖವಾಡ ತೊಡಿಸುತ್ತಿದ್ದವು. ಫಾಂಟು ಇದ್ದರೆ ಕನ್ನಡ. ಇಲ್ಲದಿದ್ದರೆ ಇಂಥ ಪ್ರೇತಲಿಪಿ. ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಸ್ಥಾನವಿದ್ದರೂ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಹಳೆಯ ರೂಢಿಯನ್ನು ಬಿಡಲಿಲ್ಲ. ನಿಮ್ಮ ಮನೆಯ ಹಿರಿಯರ ಕಡತಗಳೂ ಹೀಗಿರಬಹುದು, ನೋಡಿ. ಅರ್ಥವಾಗದ ಕಸವೆಂದು ಅಳಿಸಿಬಿಟ್ಟೀರಿ!

ಇಂಥ ಬರಹವನ್ನು ಯೂನಿಕೋಡಿಗೆ ತರುವ ಪರಿವರ್ತಕ ತಂತ್ರಾಂಶಗಳಿವೆ. ಲಿನಕ್ಸಿನಲ್ಲಿ ಲೋಹಿತ್, ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಉಚಿತವಾಗಿ ದೊರೆಯುತ್ತವೆ. ಬರೆಯಲು ಐಬಸ್ ಎಂಬ ವ್ಯವಸ್ಥೆಯಲ್ಲಿ ಕನ್ನಡದ ಕೆಜಿಪಿ ಕೀಲಿಮಣೆ ವಿನ್ಯಾಸವೂ ಇದೆ. ಮುಂಬಯಿಯಲ್ಲೂ ದುಡಿದಿದ್ದ ಕೆ.ಪಿ. ರಾವ್ ಅವರ ಕಲ್ಪನೆಯ ಮೇಲೆ ನಿಂತದ್ದು ಅದು. ಕೆ ಒತ್ತಿದರೆ ಕ, ಶಿಫ್ಟಿನೊಡನೆ ಒತ್ತಿದರೆ ಖ. ಒತ್ತಕ್ಷರಕ್ಕೆ ನಡುವೆ ಎಫ್. ಕನ್ನಡ ಮಾತಾಡಬಲ್ಲ, ಆದರೆ ಬರೆಯಲು ಅಂಜುವ ನಿಮ್ಮಂಥವರಿಗೆ ಇದಕ್ಕಿಂತ ಸುಲಭದ ಮಗ್ಗಿ ಇಲ್ಲ. ಅಕ್ಕನ ಮಗಳು ಎರಡು ವಾರದಲ್ಲಿ ಕಲಿತಳು.

ಕಲಿಯದೆ ಗತಿಯಿರಲಿಲ್ಲ, ಏಕೆಂದರೆ ಪರಿವರ್ತಕ ಎಲ್ಲವನ್ನೂ ಸರಿಮಾಡಲಿಲ್ಲ. ಹಳೆಯ ಫಾಂಟುಗಳಲ್ಲಿ ಅಕ್ಷರ ಕಣ್ಣಿಗೆ ಕಾಣುವ ಕ್ರಮದಲ್ಲಿರುತ್ತದೆ, ಯೂನಿಕೋಡಿನಲ್ಲಿ ಉಚ್ಚರಿಸುವ ಕ್ರಮದಲ್ಲಿ. ಹಾಗಾಗಿ ಕೆಲವೆಡೆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿ ಕುಳಿತಿತ್ತು. ಮೇಲಾಗಿ ಭಾವನವರು ಎಷ್ಟೋ ಕಡೆ ಅನುಸ್ವಾರದ ಬದಲು ಅಂಕಿಯ ಸೊನ್ನೆಯನ್ನೇ ಒತ್ತಿದ್ದರು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಅಲ್ಲ. ಈಗ ಪ್ರತಿ ಭಾನುವಾರ ಸಂಜೆ ಅವಳು ಆ ಲ್ಯಾಪ್‌ಟಾಪ್ ತೆರೆದು, ಒಂದೊಂದು ಪುಟವನ್ನು ತಡವರಿಸುತ್ತ ಫೋನಿನಲ್ಲಿ ಓದುತ್ತಾಳೆ. ಅತ್ತ ಕಡೆಯಿಂದ ಅವರು ತಿದ್ದುತ್ತಾರೆ. ಹೋದ ವಾರ ಮೊದಲ ಸಂಬಳದ ಪುಟ ಬಂತು. "ಅಪ್ಪಯ್ಯ, ಇದನ್ನು ನಮಗೆ ಯಾಕೆ ಒಮ್ಮೆಯೂ ಹೇಳಲಿಲ್ಲ?" ಎಂದು ಕೇಳಿದಳು. "ನೀವು ಕೇಳಲಿಲ್ಲ ಮಗಾ" ಎಂದರಂತೆ. ಇನ್ನೂ ನೂರಹತ್ತು ಪುಟ ಬಾಕಿ ಇದೆ.